ಮೂರು ಹಡಗು, ಒಂದೇ ಗೋದಾವರಿ

ಗೋದಾವರಿ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಭೂಗೋಳದ ನಕಾಶೆಯಲ್ಲಿ ನೀವು ಬಣ್ಣದ ಪೆನ್ಸಿಲಿನಿಂದ ಎಳೆದ ನೀಲಿ ಗೆರೆ ಇರಬಹುದು. ನಾಸಿಕದ ಹತ್ತಿರ ತ್ರ್ಯಂಬಕೇಶ್ವರದಲ್ಲಿ ಹುಟ್ಟಿ ಸುಮಾರು 1,465 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನು ಸೇರುವ ನದಿ ಅದು. ಕನ್ನಡ ಐಚ್ಛಿಕ ವಿಷಯವಾಗಿ ಓದುವವರಿಗೆ ‘ಕವಿರಾಜಮಾರ್ಗ’ ನೆನಪಾದೀತು. ಒಂಬತ್ತನೆಯ ಶತಮಾನದ ಆ ಗ್ರಂಥ ಕನ್ನಡ ನಾಡಿನ ಎಲ್ಲೆಯನ್ನು ಗುರುತಿಸುವಾಗ ಒಂದು ಕಡೆ ಕಾವೇರಿಯನ್ನೂ ಇನ್ನೊಂದು ಕಡೆ ಗೋದಾವರಿಯನ್ನೂ ಹೇಳುತ್ತದೆ. ಇಂದಿನ ಕರ್ನಾಟಕವನ್ನು ಗೋದಾವರಿಯ ಮುಖ್ಯ ಹರಿವು ಮುಟ್ಟುವುದಿಲ್ಲ. ಆದರೆ ಬೀದರ್ ಜಿಲ್ಲೆಯಲ್ಲಿ ಹರಿಯುವ ಮಾಂಜ್ರಾ ನದಿ ಕೊನೆಗೆ ಸೇರುವುದು ಗೋದಾವರಿಯನ್ನೇ.

ಈ ಪುಟಗಳಲ್ಲಿ ನಾವು ಮಾತನಾಡಲಿರುವುದು ನೀರಿನ ಗೋದಾವರಿಯ ವಿಷಯವಲ್ಲ, ಉಕ್ಕಿನ ಗೋದಾವರಿಯ ವಿಷಯ. 1943ರಿಂದ 2015ರ ನಡುವೆ ಮೂರು ಯುದ್ಧನೌಕೆಗಳು ಈ ನದಿಯ ಹೆಸರನ್ನು ಹೊತ್ತು ಸಮುದ್ರದ ಮೇಲೆ ಓಡಾಡಿದವು. ಒಂದು ಇಂಗ್ಲೆಂಡಿನಲ್ಲಿ ಕಟ್ಟಿದ್ದು, ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತದ ನೌಕಾಪಡೆಗೆ ಸೇರಿದ್ದು. ಇನ್ನೊಂದೂ ಇಂಗ್ಲೆಂಡಿನಲ್ಲೇ ಕಟ್ಟಿದ್ದು, ಆದರೆ ಬೇರೆಯವರು ಬಳಸಿ ಬಿಟ್ಟ ಮೇಲೆ ನಮಗೆ ಬಂದದ್ದು. ಮೂರನೆಯದು ನಮ್ಮವರೇ ನಕ್ಷೆ ಹಾಕಿ ಮುಂಬಯಿಯಲ್ಲಿ ಕಟ್ಟಿದ್ದು. ಯಾವ ಎರಡರ ನಡುವೆಯೂ ಒಂದು ಮೊಳೆಯಷ್ಟು ಕಬ್ಬಿಣವೂ ಹಂಚಿಕೆಯಾಗಿಲ್ಲ. ಹಾಗಿದ್ದರೆ ಒಂದರಿಂದ ಇನ್ನೊಂದಕ್ಕೆ ಹೋದದ್ದು ಏನು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಎರಡನೆಯ ಮಹಾಯುದ್ಧ ಆರಂಭವಾದಾಗ ಭಾರತದ ನೌಕಾಪಡೆ ಬಹಳ ಚಿಕ್ಕದು. ಅದರ ಹೆಸರು ರಾಯಲ್ ಇಂಡಿಯನ್ ನೇವಿ. ಅಧಿಕಾರಿಗಳಲ್ಲಿ ಹೆಚ್ಚಿನವರು ಬ್ರಿಟಿಷರು, ನಾವಿಕರು ಭಾರತೀಯರು. ಯುದ್ಧಕಾಲದಲ್ಲಿ ಈ ಪಡೆಗೆಂದು ಆರು ಹೊಸ ಹಡಗುಗಳು ಬಂದವು. ಇವು ಸ್ಲೂಪ್ ಎಂಬ ಜಾತಿಯವು. ವ್ಯಾಪಾರಿ ಹಡಗುಗಳ ಗುಂಪಿಗೆ ಬೆಂಗಾವಲಾಗಿ ಹೋಗುವುದು, ಜಲಾಂತರ್ಗಾಮಿಗಳನ್ನು ಹುಡುಕುವುದು ಇವುಗಳ ಕೆಲಸ. ಆರಕ್ಕೂ ನದಿಗಳ ಹೆಸರಿಟ್ಟರು: ಸಟ್ಲೆಜ್, ಜಮ್ನಾ, ನರ್ಬದಾ, ಗೋದಾವರಿ, ಕಿಸ್ಟ್ನಾ, ಕಾವೇರಿ. ಭಾರತದ ಭೂಪಟವನ್ನು ಎದುರಿಗಿಟ್ಟುಕೊಂಡು ಈ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಪಂಜಾಬಿನಿಂದ ಹೊರಟು ಕೊಡಗಿನವರೆಗೆ, ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ! ಹೆಸರಿಟ್ಟವರು ಇದನ್ನು ಬೇಕೆಂದೇ ಮಾಡಿದರೋ ಏನೋ, ಕಟ್ಟುವ ಕೆಲಸ ಹಂಚಿದ್ದೂ ಇದೇ ಕ್ರಮದಲ್ಲಿ ಎರಡೆರಡರಂತೆ. ಮೊದಲ ಎರಡು ಸ್ಕಾಟ್ಲೆಂಡಿನ ಡೆನ್ನಿ ಕಂಪನಿಗೆ, ನಡುವಿನ ಎರಡು ಸೌತಾಂಪ್ಟನ್ನಿನ ಥಾರ್ನಿಕ್ರಾಫ್ಟ್ ಕಂಪನಿಗೆ, ಕೊನೆಯ ಎರಡು ಗ್ಲಾಸ್ಗೋದ ಯಾರೋ ಕಂಪನಿಗೆ. ಕೃಷ್ಣಾ ನದಿಯನ್ನು ‘ಕಿಸ್ಟ್ನಾ’ ಮಾಡಿದ್ದು ಬ್ರಿಟಿಷರ ನಾಲಗೆ. ಸ್ವಾತಂತ್ರ್ಯದ ನಂತರ ಆ ಹಡಗು ಕೃಷ್ಣಾ ಎಂದೇ ಕರೆಸಿಕೊಂಡಿತು.

ಗೋದಾವರಿ ನೀರಿಗಿಳಿದದ್ದು 1943ರ ಜನವರಿ 21ರಂದು. ಅದೇ ವರ್ಷದ ಜೂನ್ 28ರಂದು ಸೇವೆಗೆ ಸೇರಿತು. ಉದ್ದ ಸುಮಾರು 91 ಮೀಟರ್, ತೂಕ ಸುಮಾರು 1,350 ಟನ್, ವೇಗ ಹೆಚ್ಚೆಂದರೆ 20 ನಾಟ್. ನಾಟ್ ಎಂದರೆ ಗಂಟೆಗೆ ಒಂದು ನಾವಿಕ ಮೈಲಿ, ಅಂದರೆ 1.852 ಕಿಲೋಮೀಟರ್. ನಮ್ಮ ಪಟ್ಟಣಗಳ ರಸ್ತೆಯಲ್ಲಿ ಓಡುವ ಸ್ಕೂಟರಿನ ವೇಗ ಎಂದುಕೊಳ್ಳಿ.

ಈ ಮೊದಲ ಗೋದಾವರಿಯ ಬದುಕಿನಲ್ಲಿ ಒಂದು ದಿನ ಮುಖ್ಯವಾದದ್ದು. ಜರ್ಮನಿಯ ಯು-ಬೋಟ್‌ಗಳು, ಅಂದರೆ ಜಲಾಂತರ್ಗಾಮಿಗಳು, ಅಟ್ಲಾಂಟಿಕ್‌ನಲ್ಲಿ ಮಾತ್ರ ಇದ್ದವೆಂದು ನೀವು ತಿಳಿದಿದ್ದರೆ ಆ ತಿಳುವಳಿಕೆ ಪೂರ್ತಿಯಲ್ಲ. ಹಿಂದೂ ಮಹಾಸಾಗರಕ್ಕೂ ಅವು ಬಂದಿದ್ದವು. ಯು-198 ಎಂಬುದು 1944ರ ಆಗಸ್ಟ್ ಮೊದಲ ವಾರದಲ್ಲಿ ಆಫ್ರಿಕದ ಪೂರ್ವ ಕರಾವಳಿಯ ಹೊರಗೆ ವ್ಯಾಪಾರಿ ಹಡಗುಗಳನ್ನು ಮುಳುಗಿಸಿ ಉತ್ತರದ ಕಡೆಗೆ ಸಾಗಿತ್ತು. ಅದನ್ನು ಹುಡುಕಲು ವಿಮಾನಗಳನ್ನೂ ಹಡಗುಗಳನ್ನೂ ಕಳುಹಿಸಿದರು. ಆಗಸ್ಟ್ 12ರಂದು ಸೇಶೆಲ್ಸ್ ದ್ವೀಪಗಳ ಹತ್ತಿರ ಗೋದಾವರಿಯೂ ಬ್ರಿಟನ್ನಿನ ಫಿಂಡ್‌ಹಾರ್ನ್ ಎಂಬ ಫ್ರಿಗೇಟೂ ಸೇರಿ ಯು-198ನ್ನು ಮುಳುಗಿಸಿದವು. ಫಿಂಡ್‌ಹಾರ್ನ್ ಎಂಬುದೂ ಒಂದು ನದಿಯ ಹೆಸರೇ, ಸ್ಕಾಟ್ಲೆಂಡಿನ ನದಿ.

ಇದಕ್ಕೆ ಎರಡು ಹಡಗು ಏಕೆ ಬೇಕಾಯಿತು? ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ನೀರಿನ ಕೆಳಗಿರುವುದನ್ನು ಹುಡುಕಲು ಹಡಗು ಶಬ್ದದ ತರಂಗವನ್ನು ಕಳುಹಿಸಿ ಪ್ರತಿಧ್ವನಿಗಾಗಿ ಕಾಯುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಪ್ರತಿಧ್ವನಿ ಎರಡು ಸೆಕೆಂಡಿನಲ್ಲಿ ಮರಳಿದರೆ ಜಲಾಂತರ್ಗಾಮಿ 1,500 ಮೀಟರ್ ದೂರದಲ್ಲಿದೆ ಎಂದರ್ಥ. ಆದರೆ ಆ ಕಾಲದ ಉಪಕರಣಕ್ಕೆ ಒಂದು ಕೊರತೆ ಇತ್ತು. ಅದರ ಧ್ವನಿಯ ಕಿರಣ ಮುಂದಕ್ಕೆ ಹೋಗುತ್ತಿತ್ತೇ ಹೊರತು ನೇರವಾಗಿ ಕೆಳಕ್ಕೆ ಇಳಿಯುತ್ತಿರಲಿಲ್ಲ. ಸಿಡಿಮದ್ದಿನ ಪೀಪಾಯಿಗಳನ್ನು ಹಡಗಿನ ಹಿಂಬದಿಯಿಂದ ಉರುಳಿಸಬೇಕಾದ್ದರಿಂದ ಹಡಗು ಶತ್ರುವಿನ ತಲೆಯ ಮೇಲೆಯೇ ಹಾದುಹೋಗಬೇಕಾಗಿತ್ತು. ಸರಿಯಾಗಿ ಆ ಗಳಿಗೆಯಲ್ಲೇ ಅದರ ಕಿವಿ ಕಿವುಡಾಗುತ್ತಿತ್ತು. ಎರಡು ಹಡಗುಗಳಿದ್ದರೆ ಒಂದು ದೂರ ನಿಂತು ಕಿವಿಗೊಟ್ಟಿರುತ್ತದೆ, ಇನ್ನೊಂದು ಮೇಲೆ ಬೀಳುತ್ತದೆ. ಮುಂದಕ್ಕೆ ಎಸೆಯುವ ಆಯುಧಗಳು ಯುದ್ಧಕಾಲದಲ್ಲೇ ಬಂದು ಈ ಕೊರತೆಯನ್ನು ಕಡಿಮೆ ಮಾಡಿದವು. ಆದರೂ ಜೋಡಿ ಬೇಟೆಯ ಪದ್ಧತಿ ಉಳಿಯಿತು.

ಯು-198ರಲ್ಲಿದ್ದ 66 ಜನರಲ್ಲಿ ಯಾರೂ ಬದುಕುಳಿಯಲಿಲ್ಲ. ಯುದ್ಧದ ಇತಿಹಾಸ ಓದುವಾಗ ಇಂಥ ಸಂಖ್ಯೆಗಳನ್ನು ಬೇಗ ದಾಟಿ ಹೋಗುವುದು ನಮಗೆಲ್ಲ ಅಭ್ಯಾಸ. ಒಂದು ತರಗತಿಯಷ್ಟು ಹುಡುಗರು ಎಂದುಕೊಂಡರೆ ಅಷ್ಟು ಬೇಗ ದಾಟಲಾಗುವುದಿಲ್ಲ.

ಯುದ್ಧ ಮುಗಿಯಿತು. 1946ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಭಾರತೀಯ ನಾವಿಕರ ಬಂಡಾಯ ನಡೆಯಿತು. ಅದು ಇನ್ನೊಂದು ದಿನ ಬಿಡುವಾಗಿ ಹೇಳಬೇಕಾದ ಕಥೆ. ಮರುವರ್ಷ ದೇಶ ವಿಭಜನೆಯಾಯಿತು. ಭೂಮಿ, ರೈಲು, ಖಜಾನೆಯ ಹಣ ಪಾಲಾದಂತೆ ನೌಕಾಪಡೆಯೂ ಪಾಲಾಯಿತು. ಆರು ನದಿಗಳಲ್ಲಿ ನಾಲ್ಕು, ಅಂದರೆ ಸಟ್ಲೆಜ್, ಜಮ್ನಾ, ಕೃಷ್ಣಾ, ಕಾವೇರಿ, ಭಾರತದ ಪಾಲಿಗೆ ಉಳಿದವು. ನರ್ಬದಾ ಮತ್ತು ಗೋದಾವರಿ ಪಾಕಿಸ್ತಾನಕ್ಕೆ ಹೋದವು. ಅಷ್ಟೇ ಅಲ್ಲ, ‘ಹಿಂದುಸ್ತಾನ್’ ಎಂಬ ಹೆಸರಿನ ಹಳೆಯ ಸ್ಲೂಪ್ ಕೂಡ ಪಾಕಿಸ್ತಾನದ ಪಾಲಿಗೇ ಬಂತು!

ಹೆಸರುಗಳನ್ನು ಬದಲಾಯಿಸದೆ ಆಗುತ್ತಿತ್ತೇ? ಮಧ್ಯ ಭಾರತದ ನದಿಯ ಹೆಸರಿನ ಹಡಗನ್ನು ಕರಾಚಿಯ ಬಂದರಿನಲ್ಲಿ ಇಟ್ಟುಕೊಳ್ಳುವುದು ಹೊಸ ದೇಶಕ್ಕೆ ಕಷ್ಟವಾಗಿತ್ತು. ‘ನರ್ಬದಾ’ ‘ಝೇಲಂ’ ಆಯಿತು, ನದಿಯ ಜಾಗಕ್ಕೆ ನದಿಯೇ ಬಂತು. ‘ಹಿಂದುಸ್ತಾನ್’ ‘ಕಾರ್ಸಾಜ್’ ಆಯಿತು. ‘ಗೋದಾವರಿ’ ‘ಸಿಂದ್’ ಆಯಿತು. ಸಿಂಧ್ ಪಾಕಿಸ್ತಾನದ ಒಂದು ಪ್ರಾಂತ, ಆದರೆ ಆ ಪ್ರಾಂತಕ್ಕೆ ಹೆಸರು ಕೊಟ್ಟದ್ದು ಸಿಂಧೂ ನದಿ. ಹಾಗೆ ನೋಡಿದರೆ ಇದೂ ನದಿಯಿಂದ ನದಿಗೆ ಆದ ಬದಲಾವಣೆಯೇ. ಸಂಸ್ಕೃತದಲ್ಲಿ ‘ಸಿಂಧು’ ಎಂದರೆ ನದಿ ಎಂದೂ ಅರ್ಥ, ಸಮುದ್ರ ಎಂದೂ ಅರ್ಥ. ಮುಂದೆ 1986ರಿಂದ ಭಾರತದ ನೌಕಾಪಡೆಯ ಒಂದು ವರ್ಗದ ಜಲಾಂತರ್ಗಾಮಿಗಳಿಗೆ ಸಿಂಧುಘೋಷ್, ಸಿಂಧುಧ್ವಜ್ ಎಂಬಂಥ ಹೆಸರುಗಳು ಬಂದವು. ಒಂದೇ ಮಾತು ಗಡಿಯ ಎರಡೂ ಬದಿಯಲ್ಲಿ ಸಮುದ್ರಕ್ಕಿಳಿಯಿತು.

ಯು-198ನ್ನು ಮುಳುಗಿಸಿದ ಹಡಗು 1959ರಲ್ಲಿ ಗುಜರಿಗೆ ಹೋಗುವವರೆಗೆ ‘ಸಿಂದ್’ ಆಗಿಯೇ ಇತ್ತು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಹಡಗು ಗಡಿ ದಾಟಿ ಹೋಯಿತು. ಹೆಸರು ಹೋಗಲಿಲ್ಲ, ಅದು ಇಲ್ಲೇ ಉಳಿದು ಹೊಸದೊಂದು ಒಡಲಿಗಾಗಿ ಕಾಯುತ್ತಿತ್ತು.

ಆ ಒಡಲು ಬಂದದ್ದು 1953ರಲ್ಲಿ. ಅದರ ಕಥೆ ನನಗೆ ಮೂರರಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬ್ರಿಟನ್ ಯುದ್ಧಕಾಲದಲ್ಲಿ ‘ಹಂಟ್’ ವರ್ಗದ ಚಿಕ್ಕ ಡೆಸ್ಟ್ರಾಯರ್‌ಗಳನ್ನು ಕಟ್ಟಿತು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಕುದುರೆಯ ಮೇಲೆ ಕುಳಿತು ನರಿಯ ಬೇಟೆಯಾಡುವ ತಂಡಗಳಿದ್ದವು. ಅವುಗಳ ಹೆಸರುಗಳನ್ನೇ ಈ ಹಡಗುಗಳಿಗೆ ಇಟ್ಟರು. ಅದರಲ್ಲೊಂದು ‘ಬೀಡೇಲ್’. ಉದ್ದ 85 ಮೀಟರ್, ತೂಕ ಸಾವಿರ ಟನ್ನಿಗೆ ಸ್ವಲ್ಪ ಮೇಲೆ, ವೇಗ 27 ನಾಟ್. ಮೊದಲ ಗೋದಾವರಿಗಿಂತ ಚಿಕ್ಕದು, ಆದರೆ ಚುರುಕು. ಹಡಗು ಸಿದ್ಧವಾಗುತ್ತಿದ್ದಂತೆ, 1942ರಲ್ಲಿ, ಬ್ರಿಟನ್ ಅದನ್ನು ಪೋಲೆಂಡಿನ ನೌಕಾಪಡೆಗೆ ಕೊಟ್ಟಿತು.

ಪೋಲೆಂಡ್ 1939ರ ಸೆಪ್ಟೆಂಬರಿನಲ್ಲೇ ಜರ್ಮನಿ ಮತ್ತು ಸೋವಿಯತ್ ಒಕ್ಕೂಟದ ಕೈಗೆ ಸಿಕ್ಕಿ ನಕಾಶೆಯಿಂದಲೇ ಅಳಿಸಿಹೋಗಿತ್ತಲ್ಲ, ಅದಕ್ಕೆ ನೌಕಾಪಡೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಪೋಲೆಂಡಿನ ಕೆಲವು ಹಡಗುಗಳು ತಪ್ಪಿಸಿಕೊಂಡು ಬ್ರಿಟನ್ನಿಗೆ ಬಂದು ಅಲ್ಲಿಂದಲೇ ಯುದ್ಧ ಮುಂದುವರಿಸಿದ್ದವು. ನಾವಿಕರಿದ್ದರು, ನೆಲವಿರಲಿಲ್ಲ. ಅವರಿಗೆ ಬ್ರಿಟನ್ ಮೂರು ಹಂಟ್ ಹಡಗುಗಳನ್ನು ಕೊಟ್ಟಿತು. ಪೋಲರು ಅವಕ್ಕೆ ತಮ್ಮ ಕಳೆದುಹೋದ ನಾಡಿನ ಜನರ ಹೆಸರಿಟ್ಟರು. ‘ಬೀಡೇಲ್’ ‘ಶ್ಲೊಂಝಾಕ್’ ಆಯಿತು. ಶ್ಲೊಂಝಾಕ್ ಎಂದರೆ ಸೈಲೇಷಿಯ ಪ್ರಾಂತದವನು. ಮನೆಗೆ ಹೋಗಲಾಗದವರು ಹಡಗಿಗೆ ಊರಿನ ಹೆಸರಿಟ್ಟುಕೊಂಡು ಅದರಲ್ಲೇ ಇದ್ದರು.

1942ರ ಆಗಸ್ಟ್ 19ರಂದು ಫ್ರಾನ್ಸಿನ ದಿಯೆಪ್ ಬಂದರಿನ ಮೇಲೆ ಮಿತ್ರಪಡೆಗಳ ದಾಳಿ ನಡೆಯಿತು. ಸುಮಾರು 6,000 ಸೈನಿಕರಲ್ಲಿ 5,000ದಷ್ಟು ಜನ ಕೆನಡಾದವರು. ದಾಳಿ ವಿಫಲವಾಯಿತು. ಕೆನಡಾದ 900ಕ್ಕೂ ಹೆಚ್ಚು ಮಂದಿ ಸತ್ತರು. ಶ್ಲೊಂಝಾಕ್ ಅಂದು ಅಲ್ಲಿತ್ತು. ಗುಂಡಿನ ಮಳೆಯ ನಡುವೆಯೂ ನೀರಿನಲ್ಲಿದ್ದ ಕೆನಡಾದ ಸೈನಿಕರನ್ನು ಎತ್ತಿಕೊಂಡಿತು. ಮುಂದೆ ಸಿಸಿಲಿ, ಸಲೆರ್ನೊ, 1944ರ ಜೂನ್‌ನಲ್ಲಿ ನಾರ್ಮಂಡಿ, ಹೀಗೆ ಯುರೋಪಿನ ದೊಡ್ಡ ಕಾಳಗಗಳಲ್ಲೆಲ್ಲ ಅದು ಭಾಗವಹಿಸಿತು. ಯುದ್ಧ ಗೆದ್ದದ್ದಾಯಿತು, ಆದರೆ ಆ ನಾವಿಕರ ಸರ್ಕಾರ ಮಾತ್ರ ಗೆಲ್ಲಲಿಲ್ಲ. 1945ರ ಜುಲೈನಲ್ಲಿ ಬ್ರಿಟನ್ ಲಂಡನ್ನಿನಲ್ಲಿದ್ದ ಪೋಲಿಷ್ ಸರ್ಕಾರದ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. 1946ರಲ್ಲಿ ಶ್ಲೊಂಝಾಕ್ ಬ್ರಿಟನ್ನಿಗೆ ಮರಳಿ ಮತ್ತೆ ‘ಬೀಡೇಲ್’ ಆಯಿತು.

ಇತ್ತ ಸ್ವತಂತ್ರ ಭಾರತಕ್ಕೆ ಹಡಗುಗಳು ಬೇಕಾಗಿದ್ದವು. ಹೊಸದನ್ನು ಕೊಳ್ಳಲು ಹಣವಿರಲಿಲ್ಲ, ಕಟ್ಟಲು ಕಾರ್ಖಾನೆ ಇರಲಿಲ್ಲ. 1952ರಲ್ಲಿ ಬ್ರಿಟನ್ ಮೂರು ಹಳೆಯ ಹಂಟ್ ಹಡಗುಗಳನ್ನು ಸಾಲವಾಗಿ ಕೊಡಲು ಒಪ್ಪಿತು. ಆ ಮೂರರಲ್ಲಿ ಬೀಡೇಲ್ ಒಂದು. ಮರುವರ್ಷ ಅದು ಭಾರತದ ಧ್ವಜದ ಕೆಳಗೆ ‘ಗೋದಾವರಿ’ಯಾಗಿ ಸೇವೆಗೆ ಸೇರಿತು. ಜೊತೆಯ ಎರಡಕ್ಕೆ ‘ಗಂಗಾ’, ‘ಗೋಮತಿ’ ಎಂದು ಹೆಸರಿಟ್ಟರು. ಮುಂದೆ ಇವು ಭಾರತದ್ದೇ ಆದವು.

ಲೆಕ್ಕ ಹಾಕಿ ನೋಡಿ. ‘ಗೋದಾವರಿ’ ಎಂಬ ಒಂದು ಹೆಸರಿಗೆ ಮೂರು ಒಡಲುಗಳು. ಈ ಎರಡನೆಯ ಒಡಲಿಗೆ ಮೂರು ಹೆಸರುಗಳು: ಬೀಡೇಲ್, ಶ್ಲೊಂಝಾಕ್, ಗೋದಾವರಿ. ಇಂಗ್ಲೆಂಡಿನ ಬೇಟೆಯ ತಂಡ, ಪೋಲೆಂಡಿನ ನಿರಾಶ್ರಿತ, ದಖ್ಖಣದ ನದಿ. ಕಿರುತೆರೆಗೆ ಇಂಥ ವಿಷಯ ಸಿದ್ಧಪಡಿಸುವಾಗ ನಮಗಾಗುವ ಪೇಚನ್ನು ನೀವೇ ಊಹಿಸಬಹುದು. ಪರದೆಯ ಮೇಲೆ ಮೂರು ಬೇರೆ ಹಡಗುಗಳ ಚಿತ್ರಕ್ಕೆ ಒಂದೇ ಶೀರ್ಷಿಕೆ, ಒಂದೇ ಹಡಗಿನ ಚಿತ್ರಗಳಿಗೆ ಮೂರು ಶೀರ್ಷಿಕೆ! ಇಂಥ ಗೊಂದಲ ಬಾರದಿರಲಿ ಎಂದೇ ನೌಕಾಪಡೆಗಳು ಹಡಗಿನ ಮೈಮೇಲೆ ಒಂದು ಗುರುತಿನ ಸಂಖ್ಯೆ ಬರೆಯುತ್ತವೆ. ಮೊದಲ ಗೋದಾವರಿಯದು ಯು-52, ಎರಡನೆಯದರದು ಡಿ-92, ಮೂರನೆಯದರದು ಎಫ್-20. ಅಕ್ಷರ ಹಡಗಿನ ಜಾತಿಯನ್ನು ಹೇಳುತ್ತದೆ. ಸ್ಲೂಪ್‌ಗೆ ಯು, ಡೆಸ್ಟ್ರಾಯರ್‌ಗೆ ಡಿ, ಫ್ರಿಗೇಟ್‌ಗೆ ಎಫ್. ಈ ಯು ಮತ್ತು ಜರ್ಮನಿಯ ಯು-ಬೋಟಿನ ಯು ಬೇರೆ ಬೇರೆ.

ಎರಡನೆಯ ಗೋದಾವರಿ ಭಾರತದಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ದುಡಿಯಿತು. 1976ರಲ್ಲಿ ಮಾಲ್ದೀವ್ಸ್ ದ್ವೀಪಗಳ ಬಳಿ ತಳ ನೆಲಕ್ಕೆ ತಗುಲಿ ಭಾರಿ ಪೆಟ್ಟಾಯಿತು. ಅಲ್ಲಿ ಹವಳದ ದಿಬ್ಬಗಳು ನೀರಿನ ಮೇಲ್ಮೈಗೆ ತೀರ ಸಮೀಪದಲ್ಲಿರುತ್ತವೆ. ಅದರ ವಯಸ್ಸಿಗೆ ಅಂಥ ಗಾಯ ವಾಸಿಯಾಗುವಂಥದ್ದಲ್ಲ. 1979ರಲ್ಲಿ ಅದನ್ನು ಕಳಚಿದರು. ‘ಮಾಲ್ದೀವ್ಸ್’ ಎಂಬ ಹೆಸರನ್ನು ನೆನಪಿಡಿ. ಅದು ಮತ್ತೆ ಬರುತ್ತದೆ.

ಹಳೆಯ ಗೋದಾವರಿ ಗುಜರಿಗೆ ಹೋಗುವ ಮೊದಲೇ ಹೊಸ ಗೋದಾವರಿಯ ಕೆಲಸ ಆರಂಭವಾಗಿತ್ತು. 1978ರ ಜೂನ್ 2ರಂದು ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಅದರ ಬೆನ್ನೆಲುಬು ಹಾಸಿದರು. ಇದೇ ಕಟ್ಟೆಯಲ್ಲಿ 1972ರಿಂದ 1981ರ ನಡುವೆ ಬ್ರಿಟನ್ನಿನ ‘ಲಿಯಾಂಡರ್’ ವಿನ್ಯಾಸದ ಆರು ಫ್ರಿಗೇಟ್‌ಗಳು ಸಿದ್ಧವಾದವು. ಅವುಗಳಿಗೆ ಬೆಟ್ಟಗಳ ಹೆಸರಿಟ್ಟರು: ನೀಲಗಿರಿ, ಹಿಮಗಿರಿ, ಉದಯಗಿರಿ, ಹೀಗೆ. ಬೆಟ್ಟಗಳಾದ ಮೇಲೆ ನದಿಗಳು ಹುಟ್ಟುವುದು ಪ್ರಕೃತಿಯ ನಿಯಮವೇ ಅಲ್ಲವೇ! ಬೆಟ್ಟಗಳು ಇನ್ನೊಬ್ಬರ ನಕ್ಷೆಯಿಂದ ಕಟ್ಟಿದವು. ನದಿಗಳನ್ನು ನಮ್ಮ ನೌಕಾಪಡೆಯ ವಿನ್ಯಾಸಕಾರರು ತಾವೇ ರೂಪಿಸಿದರು.

ಇಲ್ಲಿ ಒಂದು ಇಕ್ಕಟ್ಟು ಇತ್ತು. ಹೊಸ ಹಡಗಿನಲ್ಲಿ ಎರಡು ದೊಡ್ಡ ‘ಸೀ ಕಿಂಗ್’ ಹೆಲಿಕಾಪ್ಟರ್‌ಗಳು, ಸೋವಿಯತ್ ಕ್ಷಿಪಣಿಗಳು, ಹೊಸ ರೇಡಾರ್‌ಗಳು ಎಲ್ಲವೂ ಹಿಡಿಯಬೇಕಿತ್ತು. ಹಡಗು ದೊಡ್ಡದಾಗಲೇಬೇಕು. ಆದರೆ ಕೈಯಲ್ಲಿದ್ದದ್ದು ಹಳೆಯ ಲಿಯಾಂಡರ್ ಹಡಗಿನದೇ ಉಗಿ ಯಂತ್ರಗಳು, 30,000 ಅಶ್ವಶಕ್ತಿ, ಅಷ್ಟೇ. ಅದೇ ಎತ್ತುಗಳಿಗೆ ಇನ್ನೂ ಭಾರದ ಗಾಡಿ ಕಟ್ಟಿದರೆ ವೇಗ ಕುಸಿಯುವುದಿಲ್ಲವೇ?

ಬಹಳ ಕುಸಿಯಲಿಲ್ಲ. ಲಿಯಾಂಡರ್ ಸುಮಾರು 28 ನಾಟ್ ಹೋಗುತ್ತಿತ್ತು, ಗೋದಾವರಿ 27 ನಾಟ್ ಹೋಯಿತು. ಕಾರಣ ಉದ್ದ. ನಾನು ಪದವಿಗೆ ಓದಿದ್ದು ಭೌತಶಾಸ್ತ್ರ, ಆದ್ದರಿಂದ ಇಲ್ಲಿ ನನಗೆ ಸುಮ್ಮನಿರಲು ಸಾಧ್ಯವಿಲ್ಲ. ಹಡಗು ಸಾಗುವಾಗ ಅಲೆಗಳನ್ನು ಎಬ್ಬಿಸುತ್ತದೆ. ಹಡಗಿನ ವೇಗ ಹೆಚ್ಚಿದಂತೆ ಅದು ಎಬ್ಬಿಸುವ ಅಲೆಯ ಉದ್ದವೂ ಹೆಚ್ಚುತ್ತದೆ. ಅಲೆಯ ಉದ್ದ ಹಡಗಿನ ಉದ್ದಕ್ಕೆ ಸಮನಾದಾಗ ಹಡಗಿನ ಮೂತಿ ಒಂದು ಅಲೆಯ ನೆತ್ತಿಯ ಮೇಲೆ, ಹಿಂಭಾಗ ಮುಂದಿನ ಅಲೆಯ ನೆತ್ತಿಯ ಮೇಲೆ ಇರುತ್ತದೆ. ಅಲ್ಲಿಂದ ಮುಂದೆ ವೇಗ ಹೆಚ್ಚಿಸಬೇಕೆಂದರೆ ತಾನೇ ಎಬ್ಬಿಸಿದ ಅಲೆಯ ದಿಬ್ಬವನ್ನು ಹಡಗು ಹತ್ತಬೇಕಾಗುತ್ತದೆ. ಎಷ್ಟು ಶಕ್ತಿ ಸುರಿದರೂ ಸಿಗುವ ವೇಗ ಸ್ವಲ್ಪವೇ.

ಆಳವಾದ ನೀರಿನ ಅಲೆಯ ವೇಗ ಕಂಡುಹಿಡಿಯುವುದು ಸುಲಭ. ಗುರುತ್ವ ವೇಗೋತ್ಕರ್ಷ 9.8ನ್ನು ಅಲೆಯ ಉದ್ದದಿಂದ ಗುಣಿಸಿ, ಪೈಯ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಲಿಯಾಂಡರ್‌ನ ಉದ್ದ ಸುಮಾರು 113 ಮೀಟರ್. ಉತ್ತರ ಸೆಕೆಂಡಿಗೆ 13.3 ಮೀಟರ್, ಅಂದರೆ ಸುಮಾರು 26 ನಾಟ್. ಗೋದಾವರಿಯ ಉದ್ದ ಸುಮಾರು 126 ಮೀಟರ್. ಉತ್ತರ 14 ಮೀಟರ್, ಅಂದರೆ ಸುಮಾರು 27 ನಾಟ್. ನೀರಿನ ಮಟ್ಟದಲ್ಲಿ ಹಡಗಿನ ಉದ್ದ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ, ತೆಳ್ಳಗಿನ ಯುದ್ಧನೌಕೆಗಳು ಈ ಮಿತಿಯನ್ನು ಸ್ವಲ್ಪ ಮೀರಬಲ್ಲವು, ಆದ್ದರಿಂದ ಇದು ಸ್ಥೂಲ ಲೆಕ್ಕ. ಆದರೂ 13 ಮೀಟರ್ ಉದ್ದ ಹೆಚ್ಚಿಸಿದ್ದರಿಂದ ಆ ದಿಬ್ಬ ಎಷ್ಟು ಮುಂದಕ್ಕೆ ಸರಿಯಿತೆಂಬುದು ನಿಮಗೆ ಕಾಣುತ್ತದೆ. ಹೀಗೆ 3,600 ಟನ್ನಿನ ಹಡಗು ಹಳೆಯ ಯಂತ್ರದ ಬಲದಲ್ಲೇ ಓಡಿತು.

1980ರ ಮೇ 15ರಂದು ನೀರಿಗಿಳಿದ ಮೂರನೆಯ ಗೋದಾವರಿ 1983ರ ಡಿಸೆಂಬರ್ 10ರಂದು ನೌಕಾಪಡೆಗೆ ಸೇರಿತು. ಸೋವಿಯತ್ ಒಕ್ಕೂಟದ ಆಯುಧ, ಪಾಶ್ಚಾತ್ಯ ವಿನ್ಯಾಸದ ಯಂತ್ರ, ಇಟಲಿಯ ಗಣಕ ವ್ಯವಸ್ಥೆ ಎಲ್ಲವನ್ನೂ ಒಂದೇ ಹಡಗಿನಲ್ಲಿ ಕೂಡಿಸುವುದು ಆಗ ಸಣ್ಣ ಸಾಹಸವಲ್ಲ. ಒಂದರ ವಿದ್ಯುತ್ ಇನ್ನೊಂದಕ್ಕೆ ಹೊಂದುವುದಿಲ್ಲ, ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುವುದಿಲ್ಲ. ಈ ಕೆಲಸದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಕೈಯೂ ಇತ್ತು. ಕೊಚ್ಚಿಯ ನೌಕಾ ಪ್ರಯೋಗಾಲಯದಲ್ಲಿ ರೂಪುಗೊಂಡ ‘ಅಪ್ಸೋ’ ಎಂಬ ಸೋನಾರ್‌ನ್ನು ಅದು ತಯಾರಿಸಿತು, ಅದನ್ನು ಗೋದಾವರಿಯ ತಂಗಿಯರಾದ ಗಂಗಾ ಮತ್ತು ಗೋಮತಿಯಲ್ಲಿ ಅಳವಡಿಸಿದರು. ಹೌದು, 1953ರ ಅದೇ ಮೂರು ಹೆಸರುಗಳು ಮತ್ತೆ ಜೊತೆಯಾಗಿಯೇ ಬಂದವು, ಗಂಗಾ 1985ರಲ್ಲಿ, ಗೋಮತಿ 1988ರಲ್ಲಿ.

ಈಗ ಮಾಲ್ದೀವ್ಸ್‌ಗೆ ಮರಳೋಣ. 1988ರ ನವೆಂಬರ್ 3ರಂದು ಬೆಳಗಿನ ಜಾವ ಬಾಡಿಗೆ ಬಂಟರ ಗುಂಪೊಂದು ಸಮುದ್ರದ ಮೂಲಕ ರಾಜಧಾನಿ ಮಾಲೆಗೆ ನುಗ್ಗಿ ಅಧ್ಯಕ್ಷ ಮಾಮೂನ್ ಅಬ್ದುಲ್ ಗಯೂಮ್ ಅವರ ಸರ್ಕಾರವನ್ನು ಉರುಳಿಸಲು ಯತ್ನಿಸಿತು. ಅಧ್ಯಕ್ಷರು ತಪ್ಪಿಸಿಕೊಂಡು ನೆರವು ಕೋರಿದರು. ಅದೇ ರಾತ್ರಿ ಆಗ್ರಾದಿಂದ ಹೊರಟ ವಿಮಾನಗಳಲ್ಲಿ ಭಾರತದ ಪ್ಯಾರಾ ಸೈನಿಕರು ಹುಲುಲೆ ದ್ವೀಪದ ವಿಮಾನ ನಿಲ್ದಾಣದಲ್ಲಿ ಇಳಿದರು. ದಂಗೆಕೋರರು ‘ಪ್ರೋಗ್ರೆಸ್ ಲೈಟ್’ ಎಂಬ ಸರಕು ಹಡಗನ್ನು ವಶಪಡಿಸಿಕೊಂಡು ಒತ್ತೆಯಾಳುಗಳೊಂದಿಗೆ ಶ್ರೀಲಂಕಾದ ಕಡೆಗೆ ಓಡಿದರು. ಒತ್ತೆಯಾಳುಗಳಲ್ಲಿ ಆ ದೇಶದ ಸಾರಿಗೆ ಸಚಿವರೂ ಇದ್ದರು.

ಗೋದಾವರಿ ಆಗ ಆಸ್ಟ್ರೇಲಿಯ ಪ್ರವಾಸ ಮುಗಿಸಿ ಮನೆಗೆ ಮರಳುತ್ತಿತ್ತು. ಅದಕ್ಕೆ ದಾರಿ ಬದಲಾಯಿಸುವಂತೆ ಆಜ್ಞೆ ಬಂತು. ‘ಬೇತ್ವಾ’ ಎಂಬ ಹಳೆಯ ಫ್ರಿಗೇಟೂ ಬೆನ್ನುಹತ್ತಿತು. ಬೇತ್ವಾ ಮಧ್ಯ ಭಾರತದ ನದಿ. 1944ರಲ್ಲಿ ಗೋದಾವರಿ ಮತ್ತು ಫಿಂಡ್‌ಹಾರ್ನ್, ಈಗ ಗೋದಾವರಿ ಮತ್ತು ಬೇತ್ವಾ. ಆದರೆ ಈ ಬಾರಿಯ ಬೇಟೆ ಮೊದಲಿನಂಥದ್ದಲ್ಲ. ಮುಳುಗಿಸಿಬಿಡುವುದು ಸುಲಭ, ಒಳಗಿರುವ ನಿರಪರಾಧಿಗಳನ್ನು ಉಳಿಸಿಕೊಂಡು ನಿಲ್ಲಿಸುವುದು ಕಷ್ಟ. ಮೊದಲು ಮಾತುಕತೆ, ಎಚ್ಚರಿಕೆ. ಅದು ಫಲಿಸದಿದ್ದಾಗ ನವೆಂಬರ್ 6ರಂದು ಫಿರಂಗಿಯ ಬಳಕೆ. ಕೊನೆಗೆ ಪ್ರೋಗ್ರೆಸ್ ಲೈಟ್ ನಿಂತಿತು, ನಮ್ಮ ನಾವಿಕರು ಅದನ್ನು ಹತ್ತಿ ದಂಗೆಕೋರರನ್ನು ಸೆರೆಹಿಡಿದರು. ಒತ್ತೆಯಾಳುಗಳಲ್ಲಿ ಎಲ್ಲರೂ ಉಳಿಯಲಿಲ್ಲ. ಕೆಲವರನ್ನು ಅಷ್ಟರಲ್ಲೇ ಕೊಂದಿದ್ದರು. ಹೆಚ್ಚಿನವರು ಉಳಿದರು. ಹನ್ನೆರಡು ವರ್ಷಗಳ ಹಿಂದೆ ಒಂದು ಗೋದಾವರಿಯ ಆಯುಷ್ಯವನ್ನು ಮುರಿದ ದ್ವೀಪಗಳಿಂದಲೇ ಇನ್ನೊಂದು ಗೋದಾವರಿಗೆ ಕೀರ್ತಿ ಬಂತು.

ಆಮೇಲಿನದನ್ನು ಬೇಗ ಹೇಳಿಬಿಡಬಹುದು. 1994ರ ಡಿಸೆಂಬರಿನಲ್ಲಿ ಸೊಮಾಲಿಯಾದಿಂದ ವಿಶ್ವಸಂಸ್ಥೆಯ ಪಡೆಯಲ್ಲಿದ್ದ ಭಾರತೀಯ ಸೈನಿಕರು ಹಿಂದಿರುಗುವಾಗ ಗೋದಾವರಿ, ಗಂಗಾ ಮತ್ತು ಶಕ್ತಿ ಎಂಬ ಹಡಗುಗಳು ಕಾವಲಿಗೆ ಹೋಗಿದ್ದವು. ಮುಂದೆ ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ಕಾಟ ಹೆಚ್ಚಾದಾಗ ಗೋದಾವರಿ ಅಲ್ಲಿಗೂ ಹೋಯಿತು.

ಅಲ್ಲಿ ನಡೆದ ಒಂದು ಘಟನೆಯನ್ನು ಮಾತ್ರ ಬಿಡಲಾಗದು. ಕಡಲ್ಗಳ್ಳರು ‘ಸೂಯೆಜ್’ ಎಂಬ ವ್ಯಾಪಾರಿ ಹಡಗನ್ನು 2010ರಲ್ಲಿ ಹಿಡಿದು 2011ರ ಜೂನ್‌ನಲ್ಲಿ ಬಿಟ್ಟರು. ಅದರ 22 ನಾವಿಕರಲ್ಲಿ ಆರು ಮಂದಿ ಭಾರತೀಯರು, ನಾಲ್ವರು ಪಾಕಿಸ್ತಾನಿಗಳು. ಬಿಡುಗಡೆಯಾದ ಹಡಗಿನ ನೆರವಿಗೆ ಪಾಕಿಸ್ತಾನದ ‘ಬಾಬರ್’ ಯುದ್ಧನೌಕೆಯೂ ಬಂತು, ಭಾರತದ ಗೋದಾವರಿಯೂ ಬಂತು. ಅಷ್ಟು ವಿಶಾಲವಾದ ಸಮುದ್ರದಲ್ಲಿ ಎರಡೂ ಹಡಗುಗಳು ಒಂದಕ್ಕೊಂದು ಮೈ ಉಜ್ಜಿಕೊಂಡವು! ಹೆಚ್ಚಿನ ಹಾನಿಯಾಗಲಿಲ್ಲ. ತಪ್ಪು ನಿಮ್ಮದು, ಅಲ್ಲ ನಿಮ್ಮದು ಎಂದು ಎರಡೂ ಸರ್ಕಾರಗಳು ಪರಸ್ಪರ ಪ್ರತಿಭಟನೆ ಸಲ್ಲಿಸಿದವು. ಇದೇ ಗೋದಾವರಿ ಎಂಬ ಹೆಸರಿನ ಹಡಗು ಒಂದು ಕಾಲಕ್ಕೆ ಪಾಕಿಸ್ತಾನದ ನೌಕಾಪಡೆಯ ಬುನಾದಿಯ ಕಲ್ಲುಗಳಲ್ಲಿ ಒಂದಾಗಿತ್ತು. ಆ ದಿನ ಎರಡೂ ಹಡಗುಗಳ ಮೇಲಿದ್ದವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತು?

ಕನ್ನಡ ನಾಡಿನ ನದಿಗಳ ಗತಿ ಏನಾಯಿತೆಂದು ನೀವು ಕೇಳದೆ ಇರಲಾರಿರಿ. ಸ್ಲೂಪ್ ‘ಕಾವೇರಿ’ 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯಲ್ಲಿ ಮರ್ಮಗೋವಾ ಬಂದರಿನ ಬಳಿ ಇತ್ತು. ಪೋರ್ಚುಗೀಸರ ‘ಅಫೊನ್ಸೊ ದ ಅಲ್ಬುಕರ್ಕ್’ ಎಂಬ ಯುದ್ಧನೌಕೆಯನ್ನು ಅಂದು ಎದುರಿಸಿದ ಗುಂಪಿನಲ್ಲಿದ್ದವು ಬೇತ್ವಾ, ಬಿಯಾಸ್, ಕಾವೇರಿ. ಮೂರೂ ನದಿಗಳೇ. ‘ಕೃಷ್ಣಾ’ ಎಂಬ ಹೆಸರು ಸ್ಲೂಪ್ ನಿವೃತ್ತವಾದ ಬಹುಕಾಲದ ನಂತರ, 1995ರಲ್ಲಿ, ಬ್ರಿಟನ್ನಿನಿಂದ ಕೊಂಡ ‘ಆಂಡ್ರೊಮಿಡಾ’ ಎಂಬ ಫ್ರಿಗೇಟ್‌ಗೆ ಬಂತು. ಅದು 2012ರವರೆಗೆ ಸೇವೆಯಲ್ಲಿತ್ತು.

ಮೂರನೆಯ ಗೋದಾವರಿಯ ಧ್ವಜವನ್ನು 2015ರ ಡಿಸೆಂಬರ್ 23ರಂದು ಮುಂಬಯಿಯಲ್ಲಿ ಕೊನೆಯ ಬಾರಿಗೆ ಇಳಿಸಿದರು. ಮೂವತ್ತೆರಡು ವರ್ಷಗಳ ಸೇವೆ. ಮೂರು ಹಡಗುಗಳಲ್ಲಿ ಈ ಹೆಸರನ್ನು ಹೆಚ್ಚು ಕಾಲ ಹೊತ್ತದ್ದು ಅದೇ. ಗಂಗಾ 2018ರಲ್ಲಿ, ಗೋಮತಿ 2022ರಲ್ಲಿ ನಿವೃತ್ತವಾದವು. ಗೋಮತಿಯ ಕೆಲವು ಯುದ್ಧೋಪಕರಣಗಳನ್ನು ಲಖನೌ ನಗರದಲ್ಲಿ, ನಿಜವಾದ ಗೋಮತಿ ನದಿಯ ದಡದಲ್ಲೇ ಪ್ರದರ್ಶನಕ್ಕಿಡಲು ನಿರ್ಧಾರವಾಯಿತು.

ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಹೊಸ ಪೀಳಿಗೆಯ ಫ್ರಿಗೇಟ್ ಒಂದು 2025ರ ಜನವರಿ 15ರಂದು ಸೇವೆಗೆ ಸೇರಿತು. ಅದರ ಹೆಸರು ನೀಲಗಿರಿ. ಅದೇ ವರ್ಷದ ಆಗಸ್ಟ್ 26ರಂದು ಉದಯಗಿರಿ ಮತ್ತು ಹಿಮಗಿರಿ ಜೊತೆಯಾಗಿ ಸೇರಿದವು. 1972ರಲ್ಲಿ ಆರಂಭವಾದ ಬೆಟ್ಟಗಳ ಸಾಲು ಎರಡನೆಯ ಬಾರಿಗೆ ಬಂದಿದೆ. ಕಳೆದ ಬಾರಿ ಬೆಟ್ಟಗಳ ಹಿಂದೆಯೇ ಬಂದದ್ದು ಗೋದಾವರಿ.